ಟ್ರ್ಯಾಕ್ಟರ್ ಆಫ್ ಮಾಡಿದ ಮೇಲೂ ಇಂಜಿನ್ ಬಿಸಿ ಏರುತ್ತೆ! ಯಾಕೆ? ಆಗ ಏನು ಮಾಡಬೇಕು, ಏನು ಮಾಡಬಾರದು?

ರೈತ ಮಿತ್ರರೇ, ಬೇಸಿಗೆ ಉಳುಮೆ ಶುರುವಾಗಿದೆ. ಮಧ್ಯಾಹ್ನದ ಬಿಸಿಲಲ್ಲಿ ಎರಡು-ಮೂರು ಗಂಟೆ ರೋಟವೇಟರ್ ಹೊಡೆದು, ಊಟಕ್ಕೆ ಹೊತ್ತಾಯ್ತು ಅಂತ ಬದುವಿನ ಪಕ್ಕ ಗಾಡಿ ನಿಲ್ಲಿಸಿ ತಕ್ಷಣ ಆಫ್ ಮಾಡೋದು ನಮ್ಮಲ್ಲಿ ಬಹಳ ಜನರ ರೂಢಿ. "ಆಫ್ ಮಾಡಿದ್ನಲ್ಲ, ಇನ್ನು ತಣ್ಣಗಾಗ್ತದೆ" ಅನ್ನೋದು ಲೆಕ್ಕ. ಆದರೆ ಇಂಜಿನ್ ಒಳಗೆ ನಡೆಯೋದು ಇದಕ್ಕೆ ಉಲ್ಟಾ. ಆಫ್ ಮಾಡಿದ ಮೊದಲ ಐದು-ಹತ್ತು ನಿಮಿಷ ಒಳಗಿನ ನೀರಿನ ಬಿಸಿ ಇಳಿಯೋದಿಲ್ಲ, ಏರುತ್ತೆ. ರೇಡಿಯೇಟರ್ ಮುಚ್ಚಳ ತೆಗೆದು ಮುಖ ಸುಟ್ಟುಕೊಳ್ಳೋದು, ಬಿಸಿ ಇಂಜಿನ್‌ಗೆ ತಣ್ಣೀರು ಸುರಿದು ಹೆಡ್ ಬಿರುಕು ಬಿಡಿಸೋದು, ಟರ್ಬೊ ಬೇಗ ಹಾಳಾಗೋದು, ಇವೆಲ್ಲ ಹೆಚ್ಚಾಗಿ ಈ ಹೊತ್ತಿನ ಅವಸರದಿಂದಲೇ ಆಗ್ತವೆ.

ಈ ವಾರದ ಪಾಠ ಇದೇ. ಆಫ್ ಮಾಡಿದ ಮೇಲೆ ಬಿಸಿ ಎಲ್ಲಿಂದ ಬರುತ್ತೆ, ಎಷ್ಟು ಏರುತ್ತೆ, ಎಷ್ಟು ಹೊತ್ತು ಇರುತ್ತೆ ಅನ್ನೋದನ್ನ ಸರಳ ಲೆಕ್ಕದಲ್ಲಿ ನೋಡೋಣ. ಆಮೇಲೆ ಹೊಲದಲ್ಲಿ ಪಾಲಿಸಬೇಕಾದ ಕ್ರಮಕ್ಕೆ ಬರೋಣ.

ಓಡುವಾಗ ಶಾಖ ಎಲ್ಲಿ ಹೋಗುತ್ತೆ?

ನೀವು ಹಾಕಿದ ಡೀಸೆಲ್‌ನ ಶಕ್ತಿಯಲ್ಲಿ ಕೆಲಸಕ್ಕೆ ಸಿಗೋದು ಹೆಚ್ಚುಕಡಿಮೆ ಮೂರನೇ ಒಂದು ಭಾಗ ಅಷ್ಟೇ. ಇನ್ನೊಂದು ಮೂರನೇ ಭಾಗ ಸೈಲೆನ್ಸರ್‌ನಲ್ಲಿ ಹೊಗೆ ಜೊತೆ ಹೊರಗೆ ಹೋಗುತ್ತೆ. ಉಳಿದದ್ದು ಇಂಜಿನ್ ಲೋಹಕ್ಕೆ ಹತ್ತಿ, ಅಲ್ಲಿಂದ ನೀರಿಗೆ ಮತ್ತು ಆಯಿಲ್‌ಗೆ ಸೇರಿ, ಕೊನೆಗೆ ಗಾಳಿಗೆ ಹೋಗುತ್ತೆ.

ಎಲ್ಲ ಭಾಗಗಳೂ ಒಂದೇ ಬಿಸಿಯಲ್ಲಿ ಇರೋದಿಲ್ಲ:

- ಸಿಲಿಂಡರ್ ಒಳಗೆ ಡೀಸೆಲ್ ಉರಿಯುವ ಕ್ಷಣದಲ್ಲಿ ಅನಿಲದ ಬಿಸಿ ಸುಮಾರು 2000 ಡಿಗ್ರಿ ಮುಟ್ಟುತ್ತೆ.
- ಪಿಸ್ಟನ್ ತಲೆ ಲೋಡ್ ಇರುವಾಗ ಸುಮಾರು 250ರಿಂದ 350 ಡಿಗ್ರಿ ಇರುತ್ತೆ.
- ಭಾರಿ ಲೋಡ್‌ನಲ್ಲಿ ಮ್ಯಾನಿಫೋಲ್ಡ್ ಮೂಲಕ ಹೋಗುವ ಹೊಗೆ 500 ಡಿಗ್ರಿ ದಾಟಬಹುದು.
- ಇಷ್ಟೆಲ್ಲದರ ನಡುವೆ ರೇಡಿಯೇಟರ್ ನೀರು ಮಾತ್ರ 80ರಿಂದ 95 ಡಿಗ್ರಿಯಲ್ಲೇ ಇರುತ್ತೆ.

ನೀರು ಅಷ್ಟರಲ್ಲೇ ಇರೋದಕ್ಕೆ ಎರಡು ಭಾಗಗಳು ಬಿಡುವಿಲ್ಲದೆ ದುಡಿಯಬೇಕು. ವಾಟರ್ ಪಂಪ್ ನೀರನ್ನ ಸುತ್ತಿಸ್ತಾ ಇರುತ್ತೆ, ಫ್ಯಾನ್ ರೇಡಿಯೇಟರ್ ಮೂಲಕ ಗಾಳಿ ಎಳೀತಾ ಇರುತ್ತೆ. ನಮ್ಮ ಹೆಚ್ಚಿನ ಟ್ರ್ಯಾಕ್ಟರ್‌ಗಳಲ್ಲಿ ಇವೆರಡಕ್ಕೂ ಶಕ್ತಿ ಸಿಗೋದು ಇಂಜಿನ್‌ನಿಂದಲೇ, ಬೆಲ್ಟ್ ಮೂಲಕ. ಅಂದರೆ ಇಂಜಿನ್ ನಿಂತರೆ ಇವೂ ನಿಂತವು.

ಆಫ್ ಮಾಡಿದ ಕ್ಷಣ ಏನಾಗುತ್ತೆ?

ಬೆಂಕಿ ಆರುತ್ತೆ, ಅದು ನಿಜ. ಹೊಸ ಶಾಖ ಹುಟ್ಟೋದಿಲ್ಲ. ಆದರೆ ಅದೇ ಕ್ಷಣ ಪಂಪೂ ನಿಂತಿತು, ಫ್ಯಾನೂ ನಿಂತಿತು. ಶಾಖ ಹೊರಗೆ ಹೋಗುವ ದಾರಿ ಹೆಚ್ಚುಕಡಿಮೆ ಮುಚ್ಚಿತು. ಲೋಹದಲ್ಲಿ ಈಗಾಗಲೇ ತುಂಬಿಕೊಂಡ ಶಾಖ ಮಾತ್ರ ಅಲ್ಲೇ ಇದೆ.

ರೊಟ್ಟಿ ಹಂಚಿನ ಉದಾಹರಣೆ ತಗೊಳ್ಳಿ. ಒಲೆ ಆರಿಸಿದ ಮೇಲೂ ಹಂಚಿನ ಮೇಲೆ ಬಿಟ್ಟ ರೊಟ್ಟಿ ಬೇಯ್ತಾನೇ ಇರುತ್ತೆ, ಮರೆತರೆ ಕರಕಲಾಗುತ್ತೆ. ಇಲ್ಲಿ ಹಂಚು ಅಂದರೆ ಸಿಲಿಂಡರ್ ಹೆಡ್ ಮತ್ತು ಬ್ಲಾಕ್. ರೊಟ್ಟಿ ಅಂದರೆ ಅದರ ಸುತ್ತ ನಿಂತ ನೀರು. ಬಿಸಿ ಲೋಹ ತನ್ನ ಶಾಖವನ್ನ ನಿಂತ ನೀರಿಗೆ ಕೊಡುತ್ತೆ, ನೀರಿನ ಬಿಸಿ ಏರುತ್ತೆ. ಇದಕ್ಕೆ ಮೆಕ್ಯಾನಿಕ್‌ಗಳ ಭಾಷೆಯಲ್ಲಿ ಹೀಟ್ ಸೋಕ್ ಅಂತಾರೆ.

ಒಂದು ಸಣ್ಣ ಲೆಕ್ಕ

1 ಲೀಟರ್ ನೀರನ್ನ 1 ಡಿಗ್ರಿ ಬಿಸಿ ಮಾಡೋಕೆ ಬೇಕಾದ ಶಾಖ ಸುಮಾರು 4.2 ಕಿಲೋಜೂಲ್. 1 ಕಿಲೋ ಕಬ್ಬಿಣಕ್ಕೆ ಬೇಕಾಗೋದು ಸುಮಾರು 0.46 ಕಿಲೋಜೂಲ್ ಮಾತ್ರ. ಹಾಗಾಗಿ 100 ಕಿಲೋ ಕಬ್ಬಿಣ ಮತ್ತು 11 ಲೀಟರ್ ನೀರು, ಎರಡೂ ಶಾಖದ ತೂಕದಲ್ಲಿ ಸರಿಸಮ.

ಈಗ ನೀರಿನ ಸುತ್ತ ಇರುವ ಕಬ್ಬಿಣ 100 ಕಿಲೋ, ನೀರು 11 ಲೀಟರ್ ಅಂದುಕೊಳ್ಳೋಣ. ಆಫ್ ಮಾಡಿದಾಗ ನೀರು 88 ಡಿಗ್ರಿ, ಕಬ್ಬಿಣ ಸರಾಸರಿ ಅದಕ್ಕಿಂತ 20 ಡಿಗ್ರಿ ಹೆಚ್ಚು, ಅಂದರೆ 108. ಹೊರಗೆ ಏನೂ ಹೋಗದೇ ಇದ್ದರೆ ಎರಡೂ ನಡುವೆ ಬಂದು ನಿಲ್ತವೆ: 98 ಡಿಗ್ರಿ. ನೀರು 10 ಡಿಗ್ರಿ ಏರಿತು!

ಇದೇ ಗಾಡಿಯನ್ನ ಲೋಡ್ ತೆಗೆದು ಮೂರು ನಿಮಿಷ ಸ್ಲೋ ರೇಸ್‌ನಲ್ಲಿ ಬಿಟ್ಟಿರಿ ಅನ್ನಿ. ಕಬ್ಬಿಣ ನೀರಿಗಿಂತ 6 ಡಿಗ್ರಿ ಮಾತ್ರ ಹೆಚ್ಚಿದೆ. ಈಗ ಆಫ್ ಮಾಡಿದರೆ ನೀರು ಏರೋದು 3 ಡಿಗ್ರಿ ಅಷ್ಟೇ. ಆ ಮೂರು ನಿಮಿಷದ ಡೀಸೆಲ್ ದಂಡ ಅಲ್ಲ.

ಇದು ತಿಳಿಯೋಕೆ ಮಾಡಿದ ಲೆಕ್ಕ. ಪ್ರತಿ ಇಂಜಿನ್‌ನಲ್ಲೂ ಸಂಖ್ಯೆ ಬೇರೆ ಬೇರೆ. ಇನ್ನೊಂದು ಮಾತು, ಇದು ಸರಾಸರಿ. ಎಕ್ಸಾಸ್ಟ್ ವಾಲ್ವ್ ಹತ್ತಿರದ ಮೂಲೆಗಳಲ್ಲಿ ನಿಂತ ನೀರು ಇದಕ್ಕಿಂತ ಹೆಚ್ಚು ಕಾಯುತ್ತೆ. ಕೆಲವು ಸಲ ಆಫ್ ಮಾಡಿದ ಮೇಲೆ ಒಳಗಿಂದ ಗುಳುಗುಳು ಸದ್ದು ಬರೋದು ಇದೇ ಕಾರಣಕ್ಕೆ, ಅಲ್ಲಿ ನೀರು ಕುದೀತಾ ಇರುತ್ತೆ.

ಸಾಮಾನ್ಯವಾಗಿ ಮೊದಲ ಐದರಿಂದ ಹದಿನೈದು ನಿಮಿಷದೊಳಗೆ ಬಿಸಿ ತುದಿ ಮುಟ್ಟಿ, ಆಮೇಲೆ ನಿಧಾನಕ್ಕೆ ಇಳಿಯೋಕೆ ಶುರುವಾಗುತ್ತೆ. ಇಳಿಯೋದು ಏರಿದಷ್ಟು ಬೇಗ ಅಲ್ಲ. ಬಾನೆಟ್ ಮುಚ್ಚಿ ಬಿಸಿಲಲ್ಲಿ ನಿಲ್ಲಿಸಿದರೆ ಗಂಟೆಗಟ್ಟಲೆ ಬೆಚ್ಚಗೇ ಇರುತ್ತೆ.

ನಮ್ಮ ಬೇಸಿಗೆಯಲ್ಲಿ ಯಾಕೆ ಹೆಚ್ಚು ತೊಂದರೆ?

ರೇಡಿಯೇಟರ್ ಎಷ್ಟು ಶಾಖ ಹೊರಹಾಕುತ್ತೆ ಅನ್ನೋದು ನೀರಿಗೂ ಗಾಳಿಗೂ ಇರುವ ಬಿಸಿಯ ಅಂತರದ ಮೇಲೆ ನಿಂತಿದೆ. ಹೊರಗೆ 25 ಡಿಗ್ರಿ ಇದ್ದು ನೀರು 90 ಇದ್ದರೆ ಅಂತರ 65. ರಾಯಚೂರು, ಕಲಬುರಗಿ ಕಡೆ ಏಪ್ರಿಲ್-ಮೇನಲ್ಲಿ ಹೊರಗೇ 42 ಡಿಗ್ರಿ ಇದ್ದಾಗ ಅಂತರ 48ಕ್ಕೆ ಇಳಿಯುತ್ತೆ. ಅಂದರೆ ಅದೇ ರೇಡಿಯೇಟರ್‌ನ ತಾಕತ್ತು ಸುಮಾರು ಕಾಲು ಭಾಗ ಕಡಿಮೆ ಆದಂಗೆ. ಅದರ ಮೇಲೆ ಜಾಲರಿಗೆ ಧೂಳು, ಹೊಟ್ಟು, ಒಣ ಎಲೆ ಮೆತ್ತಿಕೊಂಡಿದ್ದರೆ ಕೇಳೋದೇ ಬೇಡ. ಆಫ್ ಮಾಡುವ ಮೊದಲೇ ಇಂಜಿನ್ ಅಂಚಿನಲ್ಲಿ ಇರುತ್ತೆ, ಆಫ್ ಮಾಡಿದ ಮೇಲೆ ಆ ಹತ್ತು ಡಿಗ್ರಿ ಏರಿಕೆ ಅದನ್ನ ಅಂಚು ದಾಟಿಸುತ್ತೆ.

ಮೀಟರ್ ಮುಳ್ಳನ್ನ ನಂಬಬಹುದಾ?

ಕೀಲಿ ಆಫ್ ಮಾಡಿದ ತಕ್ಷಣ ಟೆಂಪರೇಚರ್ ಮುಳ್ಳು ಕೆಳಗೆ ಬೀಳುತ್ತೆ. ಅದನ್ನ ನೋಡಿ "ತಣ್ಣಗಾಯ್ತು" ಅನ್ನೋರು ಇದ್ದಾರೆ. ಕರೆಂಟಿನಿಂದ ನಡೆಯುವ ಮೀಟರ್‌ಗೆ ಕರೆಂಟ್ ಕಡಿದಿದ್ದರಿಂದ ಮುಳ್ಳು ಬಿತ್ತು, ಇಂಜಿನ್ ತಣ್ಣಗಾಗಿದ್ದರಿಂದ ಅಲ್ಲ. ಸ್ಟಾರ್ಟ್ ಮಾಡದೆ ಕೀಲಿಯನ್ನ ಆನ್‌ಗೆ ಮಾತ್ರ ತಿರುಗಿಸಿದರೆ ನಿಜವಾದ ಬಿಸಿ ಗೊತ್ತಾಗುತ್ತೆ.

ಇನ್ನೊಂದು ಮೋಸ ಇದಕ್ಕಿಂತ ಅಪಾಯದ್ದು. ಹೋಸ್ ಒಡೆದು ನೀರೆಲ್ಲ ಸೋರಿ ಹೋಗಿದ್ದರೆ ಸೆನ್ಸರ್ ಸುತ್ತ ನೀರೇ ಇರೋದಿಲ್ಲ. ಆಗ ಇಂಜಿನ್ ಬೇಯ್ತಾ ಇದ್ದರೂ ಮುಳ್ಳು ಕಡಿಮೆ ತೋರಿಸಬಹುದು. ಆದ್ದರಿಂದ ಮುಳ್ಳಿನ ಜೊತೆ ಮೂಗು, ಕಿವಿ, ಕಣ್ಣು ಮೂರನ್ನೂ ಬಳಸಿ. ಸಿಹಿಯಾದ ಕೂಲಂಟ್ ವಾಸನೆ, ಸುಟ್ಟ ಆಯಿಲ್ ವಾಸನೆ, ಟಕಟಕ ಸದ್ದು, ಬಾನೆಟ್ ಸಂದಿಯಿಂದ ಹಬೆ, ಇವು ಮುಳ್ಳಿಗಿಂತ ಮೊದಲು ಹೇಳ್ತವೆ.

ರೇಡಿಯೇಟರ್ ಮುಚ್ಚಳ: ಇದು ಕುಕ್ಕರ್, ಬಿಂದಿಗೆ ಅಲ್ಲ

ರೇಡಿಯೇಟರ್ ಮುಚ್ಚಳ ಬರೀ ಮುಚ್ಚಳ ಅಲ್ಲ, ಒತ್ತಡ ಹಿಡಿದಿಡುವ ವಾಲ್ವ್. ಎಷ್ಟೋ ಮುಚ್ಚಳಗಳ ಮೇಲೆ 0.9 ಅಂತ ಬರೆದಿರುತ್ತೆ. ಅಂದರೆ ಹೊರಗಿನ ಗಾಳಿಗಿಂತ 0.9 ಬಾರ್, ಸುಮಾರು 13 ಪಿಎಸ್ಐ ಹೆಚ್ಚು ಒತ್ತಡವನ್ನ ಅದು ತಡೆಯುತ್ತೆ. ಈ ಒತ್ತಡದಲ್ಲಿ ನೀರು 100 ಡಿಗ್ರಿಗೆ ಕುದಿಯೋದಿಲ್ಲ, ಸುಮಾರು 119 ಡಿಗ್ರಿವರೆಗೆ ತಡೀತದೆ. ಅಡುಗೆಮನೆ ಕುಕ್ಕರ್ ಕೆಲಸ ಮಾಡೋದೂ ಇದೇ ತತ್ವದಲ್ಲಿ.

ಈಗ ಆಫ್ ಮಾಡಿ ಹತ್ತು ನಿಮಿಷ ಆಗಿದೆ, ಒಳಗೆ 10 ಲೀಟರ್ ನೀರು 115 ಡಿಗ್ರಿಯಲ್ಲಿ ಕುದಿಯದೆ ನಿಂತಿದೆ ಅಂದುಕೊಳ್ಳಿ. ನೀವು ಮುಚ್ಚಳ ತಿರುಗಿಸಿದಿರಿ. ಒತ್ತಡ ಹೋಯಿತು. 115 ಡಿಗ್ರಿ ನೀರು ಇನ್ನು ನೀರಾಗಿ ಇರೋಕೆ ಆಗಲ್ಲ. ಹೆಚ್ಚುವರಿ 15 ಡಿಗ್ರಿ ಶಾಖ, ಅಂದರೆ 630 ಕಿಲೋಜೂಲ್, ಸುಮಾರು 280 ಗ್ರಾಂ ನೀರನ್ನ ಆವಿ ಮಾಡುತ್ತೆ. ಲೋಟದಷ್ಟು ನೀರು ತಾನೇ ಅಂತೀರಾ? ಆ ಒಂದು ಲೋಟ ನೀರು ಆವಿಯಾದರೆ ಸುಮಾರು 460 ಲೀಟರ್ ಜಾಗ ಬೇಕು, 200 ಲೀಟರ್‌ನ ಎರಡು ಡ್ರಮ್ ತುಂಬಿ ಮಿಕ್ಕುವಷ್ಟು. ಅದೆಲ್ಲ ಅಂಗೈ ಅಗಲದ ಬಾಯಿಂದ, ಕುದಿಯುವ ನೀರನ್ನೂ ಎಳೆದುಕೊಂಡು, ನೇರ ನಿಮ್ಮ ಮುಖಕ್ಕೆ ಬರುತ್ತೆ.

ಹಾಗಾಗಿ:

- ಬಿಸಿ ಇರುವಾಗ ಮುಚ್ಚಳ ಮುಟ್ಟಲೇಬೇಡಿ. ಗೋಣಿಚೀಲ, ಟವೆಲ್ ಹಾಕಿ ತೆಗೀತೀನಿ ಅನ್ನೋದೂ ಬೇಡ.
- ಕನಿಷ್ಠ 30ರಿಂದ 45 ನಿಮಿಷ ಕಾಯಿರಿ, ಬಿಸಿಲಲ್ಲಿ ಇನ್ನೂ ಹೆಚ್ಚು. ರೇಡಿಯೇಟರ್ ಮೇಲಿನ ಹೋಸ್ ಕೈ ಇಟ್ಟರೆ ತಡೆಯುವಷ್ಟು ಬೆಚ್ಚಗೆ ಇರಬೇಕು, ಅಮುಕಿದರೆ ಮೆತ್ತಗೆ ಇರಬೇಕು. ಗಟ್ಟಿ ಇದ್ದರೆ ಒತ್ತಡ ಇನ್ನೂ ಇದೆ.
- ತೆಗೆಯುವಾಗ ಮುಖ ಪಕ್ಕಕ್ಕೆ ತಿರುಗಿಸಿ, ದಪ್ಪ ಬಟ್ಟೆ ಹಿಡಿದು, ಮೊದಲ ತಡೆವರೆಗೆ ಮಾತ್ರ ತಿರುಗಿಸಿ ನಿಲ್ಲಿಸಿ. ಸದ್ದು ಪೂರ್ತಿ ನಿಂತ ಮೇಲೆ ಒತ್ತಿ ತೆಗೆಯಿರಿ.
- ಮಕ್ಕಳು ಹತ್ತಿರ ಇದ್ದರೆ ಮೊದಲು ಅವರನ್ನ ದೂರ ಕಳಿಸಿ.

ಯಾರಿಗಾದರೂ ಸುಟ್ಟರೆ ತಕ್ಷಣ ಸುಟ್ಟ ಜಾಗದ ಮೇಲೆ ಹರಿಯುವ ತಣ್ಣೀರನ್ನ 20 ನಿಮಿಷ ಬಿಡಿ. ಪೇಸ್ಟ್, ಇಂಕು, ಅರಿಶಿನ, ಎಣ್ಣೆ ಏನೂ ಹಚ್ಚಬೇಡಿ. ಐಸ್ ಇಡಬೇಡಿ. ಉಂಗುರ, ಕೈಗಡಿಯಾರ ಊದುವ ಮೊದಲೇ ತೆಗೆಯಿರಿ. ಮುಖ, ಕಣ್ಣು ಸುಟ್ಟಿದ್ದರೆ ಅಥವಾ ಗಾಯ ದೊಡ್ಡದಾಗಿದ್ದರೆ ಕಾಯದೆ 108ಕ್ಕೆ ಫೋನ್ ಮಾಡಿ.

ತಣ್ಣೀರು ಸುರಿದರೆ ಹೆಡ್ ಯಾಕೆ ಬಿರುಕು ಬಿಡುತ್ತೆ?

ಕಾದ ಗಾಜಿನ ಲೋಟಕ್ಕೆ ತಣ್ಣೀರು ಹಾಕಿದರೆ ಏನಾಗುತ್ತೆ ಅಂತ ಗೊತ್ತಲ್ಲ? ಎರಕದ ಕಬ್ಬಿಣದ ಕಥೆಯೂ ಹತ್ತಿರ ಹತ್ತಿರ ಅದೇ. ತಣ್ಣೀರು ಬಿದ್ದ ಕಡೆ ಲೋಹ ಕುಗ್ಗುತ್ತೆ, ಪಕ್ಕದ ಬಿಸಿ ಭಾಗ ಹಿಗ್ಗಿಯೇ ಇರುತ್ತೆ. ಎರಡರ ಎಳೆದಾಟದಲ್ಲಿ ಬಿರುಕು ಬಿಡುತ್ತೆ, ಇಲ್ಲವೇ ಹೆಡ್ ಸೊಟ್ಟಗಾಗಿ ಗ್ಯಾಸ್ಕೆಟ್ ಹೋಗುತ್ತೆ. ಆಮೇಲೆ ಆಯಿಲ್‌ಗೆ ನೀರು ಸೇರಿ ಹಾಲು ಹಾಕಿದ ಚಹಾ ಬಣ್ಣಕ್ಕೆ ತಿರುಗಿದರೆ ಇಂಜಿನ್ ಬಿಚ್ಚಿಸಲೇಬೇಕು.

ಇಂಜಿನ್ ಮೇಲೆ ಹೊರಗಿನಿಂದ ನೀರು ಎರಚೋದೂ ಇಷ್ಟೇ ತಪ್ಪು. ನೀರು ತುಂಬಲೇಬೇಕಿದ್ದರೆ ಇಂಜಿನ್ ತಣಿದ ಮೇಲೆ ತುಂಬಿ. ಬೋರ್‌ವೆಲ್ ನೀರಿನ ಗಡಸಿನಿಂದ ಒಳಗೆ ಬಿಳಿ ಪಾಚಿ ಕಟ್ಟುತ್ತೆ, ಅದು ಶಾಖ ದಾಟೋಕೆ ಬಿಡಲ್ಲ. ಆದ್ದರಿಂದ ಕಂಪನಿ ಹೇಳಿದ ಕೂಲಂಟೇ ಹಾಕಿ. ಕೂಲಂಟ್ ಕುದಿಯುವ ಬಿಂದುವನ್ನೂ ಮೇಲೆ ಏರಿಸುತ್ತೆ, ತುಕ್ಕನ್ನೂ ತಡೆಯುತ್ತೆ.

ಟರ್ಬೊ ಇದ್ದರೆ ಇನ್ನೂ ಜಾಗ್ರತೆ

ಹೊಸ ಟ್ರ್ಯಾಕ್ಟರ್ ಎಷ್ಟೋ, ಪಿಕಪ್ ಮತ್ತು ಡೀಸೆಲ್ ಕಾರುಗಳು ಬಹುಪಾಲು ಟರ್ಬೊ ಇರುವವೇ. ಟರ್ಬೊ ಒಳಗಿನ ಶಾಫ್ಟ್ ನಿಮಿಷಕ್ಕೆ 1 ಲಕ್ಷ ಸುತ್ತಿಗಿಂತಲೂ ಹೆಚ್ಚು ತಿರುಗಬಲ್ಲದು. ಅದು ತೇಲೋದು ತೆಳುವಾದ ಆಯಿಲ್ ಪದರದ ಮೇಲೆ. ಆ ಆಯಿಲ್ ಕಳಿಸೋದು ಇಂಜಿನ್‌ನ ಆಯಿಲ್ ಪಂಪ್.

ಪೂರ್ತಿ ಲೋಡ್‌ನಲ್ಲಿ ಓಡಿಸಿ ತಟ್ಟನೆ ಆಫ್ ಮಾಡಿದರೆ ಆಯಿಲ್ ಬರೋದು ನಿಲ್ಲುತ್ತೆ, ಶಾಫ್ಟ್ ಇನ್ನೂ ತಿರುಗ್ತಾ ಇರುತ್ತೆ. ಕಾದ ಟರ್ಬೈನ್ ಕಡೆಯ ಶಾಖ ಬೇರಿಂಗ್‌ಗೆ ಹರಿದು ಬರುತ್ತೆ. ಅಲ್ಲಿ ಉಳಿದ ನಾಲ್ಕು ಹನಿ ಆಯಿಲ್ ಸುಟ್ಟು, ಬಾಣಲೆ ತಳದ ಕರಿಯಂತೆ ಗಟ್ಟಿಯಾಗುತ್ತೆ. ಒಂದು ದಿನಕ್ಕೆ ಏನೂ ಗೊತ್ತಾಗಲ್ಲ. ದಿನಾ ಹೀಗೇ ಮಾಡಿದರೆ ಆಯಿಲ್ ದಾರಿ ಕಟ್ಟಿ, ಬೇರಿಂಗ್ ಸವೆದು, ಒಂದಿನ ನೀಲಿ ಹೊಗೆ ಶುರುವಾಗುತ್ತೆ.

ಆಫ್ ಮಾಡುವ ಸರಿಯಾದ ಕ್ರಮ

1. ಕೊನೆಯ ಸಾಲು ಮುಗಿದ ಮೇಲೆ ಪಿಟಿಒ ಆಫ್ ಮಾಡಿ, ಉಪಕರಣ ಎತ್ತಿ ನಿಧಾನಕ್ಕೆ ಬದುವಿಗೆ ಬನ್ನಿ.
2. ನೆರಳಲ್ಲಿ, ಗಾಳಿ ಆಡುವ ಕಡೆ ನಿಲ್ಲಿಸಿ. ಒಣ ಹುಲ್ಲು, ರವದಿ, ಹೊಟ್ಟಿನ ಮೇಲೆ ಬೇಡ.
3. ಉಪಕರಣ ನೆಲಕ್ಕೆ ಇಳಿಸಿ, ನ್ಯೂಟ್ರಲ್‌ಗೆ ಹಾಕಿ, ಪಾರ್ಕಿಂಗ್ ಬ್ರೇಕ್ ಹಾಕಿ.
4. ಎರಡರಿಂದ ಮೂರು ನಿಮಿಷ ಸ್ಲೋ ರೇಸ್‌ನಲ್ಲಿ ಬಿಡಿ. ನಿಮ್ಮ ಕೈಪಿಡಿಯಲ್ಲಿ ಬೇರೆ ಸಮಯ ಹೇಳಿದ್ದರೆ ಅದನ್ನೇ ಪಾಲಿಸಿ.
5. ಮುಳ್ಳು ಮಾಮೂಲು ಜಾಗಕ್ಕೆ ಬಂದಿದೆಯಾ ನೋಡಿ ಆಫ್ ಮಾಡಿ.

ಹಾಗಂತ ಅರ್ಧ ಗಂಟೆ ಸುಮ್ಮನೆ ಓಡಿಸೋದು ಬೇಡ. ಮೂರು-ನಾಲ್ಕು ನಿಮಿಷದ ಮೇಲೆ ಸಿಗುವ ಲಾಭ ಕಡಿಮೆ, ಡೀಸೆಲ್ ಮಾತ್ರ ಖರ್ಚು.

ಮುಳ್ಳು ಕೆಂಪಿಗೆ ಹೋದರೆ: ಆಫ್ ಮಾಡಬೇಕಾ, ಬಿಡಬೇಕಾ?

ಇಲ್ಲೇ ಬಹಳ ಜನ ತಬ್ಬಿಬ್ಬಾಗೋದು. ಉತ್ತರ ಒಂದೇ ಪ್ರಶ್ನೆ ಮೇಲೆ ನಿಂತಿದೆ: ನೀರು ಸುತ್ತುತ್ತಾ ಇದೆಯಾ, ಇಲ್ಲವಾ?

*ನೀರು ಇದೆ, ಬೆಲ್ಟ್-ಫ್ಯಾನ್ ತಿರುಗ್ತಿವೆ, ಆಯಿಲ್ ಲೈಟ್ ಬಂದಿಲ್ಲ, ಹಬೆ ಇಲ್ಲ:* ತಕ್ಷಣ ಆಫ್ ಮಾಡಬೇಡಿ. ಪಿಟಿಒ ಬಿಡಿಸಿ, ಲೋಡ್ ತೆಗೆದು, ನ್ಯೂಟ್ರಲ್‌ನಲ್ಲಿ ಸ್ಲೋಗಿಂತ ಸ್ವಲ್ಪ ಮೇಲಿನ ರೇಸ್‌ನಲ್ಲಿ ಬಿಡಿ. ಪಂಪ್-ಫ್ಯಾನ್ ಶಾಖವನ್ನ ಎಳೆದು ಹಾಕ್ತವೆ. ಒಂದೆರಡು ನಿಮಿಷದಲ್ಲಿ ಮುಳ್ಳು ಇಳಿಯೋಕೆ ಶುರುವಾಗಬೇಕು. ಇಳಿದು ಮಾಮೂಲಿಗೆ ಬಂದ ಮೇಲೆ ಆಫ್ ಮಾಡಿ. ಇಳಿಯಲೇ ಇಲ್ಲ, ಇನ್ನೂ ಏರ್ತಿದೆ ಅಂದರೆ ಆಫ್ ಮಾಡಿಬಿಡಿ.

*ಹೋಸ್ ಒಡೆದಿದೆ, ಬೆಲ್ಟ್ ಕಡಿದಿದೆ, ಹಬೆ ನುಗ್ತಾ ಇದೆ, ಆಯಿಲ್ ಲೈಟ್ ಬಂದಿದೆ ಅಥವಾ ಇಂಜಿನ್ ಕುಟ್ಟುತ್ತಾ ಇದೆ:* ಒಂದು ಕ್ಷಣವೂ ಕಾಯಬೇಡಿ, ಆಫ್ ಮಾಡಿ. ಇಲ್ಲಿ ಓಡಿಸಿದಷ್ಟೂ ಹೊಸ ಶಾಖ ಹುಟ್ಟುತ್ತೆ, ಅದನ್ನ ಒಯ್ಯೋಕೆ ಏನೂ ಇಲ್ಲ. ಹೀಟ್ ಸೋಕ್ ಆದರೂ ಪರವಾಗಿಲ್ಲ, ಪಿಸ್ಟನ್ ಹಿಡಿದುಕೊಂಡರೆ ಕಷ್ಟ.

ಬೆಂಕಿ ಮತ್ತು ಪೆಟ್ರೋಲ್: ಮರೆಯಬಾರದ ಎರಡು ಮಾತು

ಮೊದಲನೆಯದು ಹೊಟ್ಟು. ಒಕ್ಕಣೆ, ಕಟಾವು ಮಾಡುವಾಗ ಮ್ಯಾನಿಫೋಲ್ಡ್, ಸೈಲೆನ್ಸರ್ ಸುತ್ತ ಒಣ ಹೊಟ್ಟು ಸೇರಿರುತ್ತೆ. ಓಡುವಾಗ ಫ್ಯಾನ್ ಗಾಳಿ ಅದನ್ನ ತಣಿಸ್ತಾ, ಹಾರಿಸ್ತಾ ಇರುತ್ತೆ. ಆಫ್ ಮಾಡಿದ ಮೇಲೆ ಗಾಳಿ ಇಲ್ಲ, ಲೋಹ ಮಾತ್ರ ಕಾದಿದೆ. ಹೊಟ್ಟು ಒಳಗೊಳಗೇ ಕನಲಿ, ಊಟಕ್ಕೆ ಕೂತಾಗ ಹೊತ್ತಿಕೊಳ್ಳಬಹುದು. ಆದ್ದರಿಂದ ದಿನಾ ಕೆಲಸ ಶುರು ಮಾಡುವ ಮೊದಲು ತಣ್ಣಗಿರುವಾಗ ಹೊಟ್ಟು ತೆಗೆಯಿರಿ. ಆಫ್ ಮಾಡಿದ ಕೂಡಲೇ ತಾಡಪಾಲು ಹೊದಿಸಬೇಡಿ, ಬಣವೆ ಪಕ್ಕ ನಿಲ್ಲಿಸಬೇಡಿ, ಹದಿನೈದು-ಇಪ್ಪತ್ತು ನಿಮಿಷ ಒಂದು ಕಣ್ಣು ಇಟ್ಟಿರಿ.

ಎರಡನೆಯದು ಪವರ್ ಸ್ಪ್ರೇಯರ್, ಕಳೆ ಕೊಚ್ಚುವ ಮೆಷಿನ್, ಸಣ್ಣ ವೀಡರ್‌ಗಳು. ಇವು ಗಾಳಿಯಿಂದ ತಣಿಯುವ ಇಂಜಿನ್‌ಗಳು. ಆಫ್ ಮಾಡಿದಾಗ ಸಿಲಿಂಡರ್ ಶಾಖ ಕಾರ್ಬೊರೇಟರ್‌ಗೆ ಏರಿ ಪೆಟ್ರೋಲ್ ಆವಿಯಾಗುತ್ತೆ. ಬೀಡಿ ಸೇದುವಷ್ಟು ಹೊತ್ತು ಬಿಟ್ಟು ಎಳೆದರೆ ಸ್ಟಾರ್ಟ್ ಆಗಲ್ಲ, ಅರ್ಧ ಗಂಟೆ ಬಿಟ್ಟು ಎಳೆದರೆ ಆಗುತ್ತೆ. ಎಷ್ಟೋ ಸಲ ಮೆಷಿನ್ ಕೆಟ್ಟಿರೋದಿಲ್ಲ, ಕಾದಿರುತ್ತೆ ಅಷ್ಟೇ. ಅವಸರದಲ್ಲಿ ಕಾದ ಇಂಜಿನ್‌ಗೆ ಪೆಟ್ರೋಲ್ ತುಂಬೋದು ಮಾತ್ರ ಖಂಡಿತ ಬೇಡ, ಚೆಲ್ಲಿದ ಒಂದು ಗುಟುಕು ಸಾಕು.

ಕಾರು ಇರೋರಿಗೆ ಒಂದು ಮಾತು. ಕೆಲವು ಕಾರುಗಳಲ್ಲಿ ಫ್ಯಾನ್ ಬ್ಯಾಟರಿಯಿಂದ ನಡೆಯುತ್ತೆ. ಆಫ್ ಮಾಡಿದ ಮೇಲೂ ಅದು ತಾನಾಗೇ ತಿರುಗೋಕೆ ಶುರು ಮಾಡಿದರೆ ಕೆಟ್ಟಿದೆ ಅಂತಲ್ಲ, ಹೀಟ್ ಸೋಕ್ ಇಳಿಸೋಕೆ ಮಾಡಿದ ವ್ಯವಸ್ಥೆ. ಹಾಗಾಗಿ ಬಿಸಿ ಕಾರಿನ ಬಾನೆಟ್ ತೆಗೆದು ಫ್ಯಾನ್ ಹತ್ತಿರ ಕೈ ಹಾಕಬೇಡಿ.

ಈ ವಾರ ನೀವೇ ಮಾಡಿ ನೋಡಿ

ಮೊಬೈಲ್ ಇದ್ದರೆ ಸಾಕು. ಮೊದಲ ದಿನ ಕೆಲಸ ಮುಗಿಸಿ ಅರ್ಧ ನಿಮಿಷದಲ್ಲೇ ಆಫ್ ಮಾಡಿ. ಸ್ಟಾಪ್‌ವಾಚ್ ಹಾಕಿ, 2, 5, 10, 15, 20, 30ನೇ ನಿಮಿಷಕ್ಕೆ ಸ್ಟಾರ್ಟ್ ಮಾಡದೆ ಕೀಲಿ ಆನ್ ಮಾಡಿ, ಮುಳ್ಳು ನಿಂತ ಮೇಲೆ ಫೋಟೊ ತೆಗೆದು ಮತ್ತೆ ಆಫ್ ಮಾಡಿ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಬ್ರೇಕ್ ಹಾಕಿರಲಿ. ಮರುದಿನ ಅದೇ ಹೊಲ, ಅದೇ ಉಪಕರಣ, ಅದೇ ಹೊತ್ತು. ಆದರೆ ಮೂರು ನಿಮಿಷ ಸ್ಲೋ ರೇಸ್‌ನಲ್ಲಿ ಬಿಟ್ಟು ಆಫ್ ಮಾಡಿ. ಎರಡೂ ದಿನದ ಫೋಟೊಗಳನ್ನ ಪಕ್ಕಪಕ್ಕ ಇಟ್ಟು ನೋಡಿ. ಟರ್ಬೊ ಇರುವ ಗಾಡಿಯಲ್ಲಿ ಮೊದಲ ದಿನದ ಪ್ರಯೋಗ ಬೇಡ, ಎರಡನೆಯದು ಮಾತ್ರ ಸಾಕು.

ನೋಡುವಾಗ ಈ ಮೂರು ಬರೆದಿಟ್ಟುಕೊಳ್ಳಿ: ಮುಳ್ಳು ಎಷ್ಟನೇ ನಿಮಿಷಕ್ಕೆ ತುದಿ ಮುಟ್ಟಿತು, ಎಷ್ಟು ಏರಿತು, ಮೊದಲಿದ್ದ ಜಾಗಕ್ಕೆ ಯಾವಾಗ ಬಂತು. ಇದು ನಿಮ್ಮ ಗಾಡಿಯ ಜಾತಕ ಇದ್ದ ಹಾಗೆ. ಮುಂದಿನ ವರ್ಷ ಇದೇ ಹೊತ್ತಿಗೆ ಮತ್ತೆ ಅಳೆದಾಗ ಮುಳ್ಳು ಹೆಚ್ಚು ಏರಿದರೆ ಜಾಲರಿ ಕಟ್ಟಿದೆಯಾ, ಬೆಲ್ಟ್ ಸಡಿಲ ಆಗಿದೆಯಾ, ಕೂಲಂಟ್ ಕಡಿಮೆ ಆಗಿದೆಯಾ, ಮುಚ್ಚಳದ ರಬ್ಬರ್ ಸವೆದಿದೆಯಾ ಅಂತ ಮೆಕ್ಯಾನಿಕ್ ಹತ್ತಿರ ಹೋಗುವ ಮೊದಲೇ ನೋಡಿಕೊಳ್ಳಬಹುದು.

ಟ್ರ್ಯಾಕ್ಟರ್ ನಿಮ್ಮದೇ ಇರಲಿ, ಬಾಡಿಗೆಗೆ ಓಡಿಸುವ ಹುಡುಗನ ಕೈಲಿರಲಿ, ಮೂರು ನಿಮಿಷದ ರೂಢಿ ಇಬ್ಬರಿಗೂ ಇರಲಿ. ನೀರು ಕುಡಿದು, ಮುಖ ತೊಳೆದು, ಬುತ್ತಿ ಬಿಚ್ಚುವಷ್ಟರಲ್ಲಿ ಅದು ಮುಗಿದಿರುತ್ತೆ. ಮುಚ್ಚಳದ ವಿಷಯದಲ್ಲಿ ಮಾತ್ರ ಊಟ ಮುಗಿದ ಮೇಲೂ ಅವಸರ ಬೇಡ.